ಐದು ಕಪ್, ಐದೂ ಒಂದೇ ಗೋಲಿನ ಅಂತರದಲ್ಲಿ

2023ರ ಮಾರ್ಚ್ 5, ಭಾನುವಾರ ಬೆಳಗ್ಗೆ. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ನಾವು ಪೇಪರ್ ಹಂಚಿಕೊಂಡು ಓದುತ್ತಿದ್ದೆವು. ಮುಖಪುಟದ ಹಾಳೆಗಳು ಒಬ್ಬೊಬ್ಬರ ಕೈಗೆ ಹೋಗಿದ್ದವು. ಚುನಾವಣೆ ಹತ್ತಿರ ಬರುತ್ತಿದ್ದ ಕಾಲ, ಎಲ್ಲರಿಗೂ ರಾಜಕೀಯದ್ದೇ ಬೇಕು. ನಮಗೆ ಸಿಕ್ಕಿದ್ದು ಕ್ರೀಡಾ ಪುಟ. ಕರ್ನಾಟಕಕ್ಕೆ ಸಂತೋಷ್ ಟ್ರೋಫಿ, 54 ವರ್ಷಗಳ ಬಳಿಕ ಫುಟ್ಬಾಲ್ ಚಾಂಪಿಯನ್ ಎಂದು ಅದರಲ್ಲಿತ್ತು. ಜೋರಾಗಿಯೇ ಓದಿದೆವು.

ಎದುರು ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟರು. ಊರಿನಲ್ಲಿ ಬಹಳ ವರ್ಷ ಮಗ್ಗ ನಡೆಸಿದವರು, ಎಪ್ಪತ್ತು ದಾಟಿದೆ. ನಾವೆಲ್ಲ ತಾತ ಅಂತಲೇ ಕರೆಯುವುದು.

"ಸಂತೋಷ್ ಟ್ರೋಫೀನಾ? ಅದನ್ನ ನಾವು ಗೆದ್ದಿದ್ವಲ್ಲಪ್ಪ, ನಾನು ಹುಡುಗ ಆಗಿದ್ದಾಗ. ಆವಾಗ ಮೈಸೂರು ಅಂತ ಇತ್ತು ಹೆಸರು" ಅಂದರು. ಆಮೇಲೆ ಕೇಳಿದರು, "ಬಂಗಾಳದೋರ ಮೇಲೇನಾ ಗೆದ್ದಿದ್ದು?"

"ಇಲ್ಲ ತಾತ, ಮೇಘಾಲಯ."

"ಅಂಗಾದ್ರೆ ಬಂಗಾಳದೋರು ಎಲ್ಲೋದ್ರು?"

ಅಂಗಡಿಯಲ್ಲಿ ನಗು. ತಾತ ನಗಲಿಲ್ಲ. ಅವರ ಪ್ರಶ್ನೆ ತಮಾಷೆಯದಲ್ಲ ಎಂದು ನಮಗೆ ಗೊತ್ತಾಗಿದ್ದು ಮನೆಗೆ ಬಂದು ಹಳೆಯ ಪಟ್ಟಿ ತೆಗೆದು ನೋಡಿದಾಗ. ಆವತ್ತೇ ಇದರ ಬಗ್ಗೆ ಒಂದು ತುಂಡು ಬರೆದು, ನಾವು ಸುದ್ದಿ ಕಳಿಸುವ ಕಡೆಗೆ ಕಳಿಸಿದೆವು. "ತಾಲ್ಲೂಕಿಗೂ ಇದಕ್ಕೂ ಏನ್ರೀ ಸಂಬಂಧ?" ಎಂದು ಫೋನ್ ಬಂತು. ಆ ತುಂಡು ಅಲ್ಲೇ ನಿಂತಿತು. ಈಗ ಇಲ್ಲಿ ಪೂರ್ತಿ ಬರೆಯುತ್ತಿದ್ದೇವೆ.

ಮೊದಲು ಟ್ರೋಫಿಯ ಹೆಸರಿನ ವಿಚಾರ. ನಮ್ಮ ಹುಡುಗರಲ್ಲಿ ಹಲವರು ಸಂತೋಷ್ ಎಂದರೆ ಯಾರೋ ಒಬ್ಬ ಆಟಗಾರ ಇರಬೇಕು ಅಂದುಕೊಂಡಿದ್ದಾರೆ. ಸಂತೋಷ್ ಎನ್ನುವುದು ಒಂದು ಊರು, ಒಂದು ಜಮೀನ್ದಾರಿ ಸಂಸ್ಥಾನ. ಈಗ ಬಾಂಗ್ಲಾದೇಶದಲ್ಲಿದೆ. ಅಲ್ಲಿನ ಮಹಾರಾಜರಾಗಿದ್ದ ಮನ್ಮಥನಾಥ ರಾಯ್ ಚೌಧುರಿ ಅವರ ನೆನಪಿಗೆ 1941ರಲ್ಲಿ ಈ ಟೂರ್ನಿ ಶುರುವಾಯಿತು. ಒಂದೊಂದು ರಾಜ್ಯಕ್ಕೆ ಒಂದೊಂದು ತಂಡ. ಕ್ರಿಕೆಟ್‌ಗೆ ರಣಜಿ ಇದ್ದ ಹಾಗೆ ಫುಟ್ಬಾಲ್‌ಗೆ ಸಂತೋಷ್ ಟ್ರೋಫಿ. ಮೊದಲ ವರ್ಷ ಗೆದ್ದದ್ದು ಬಂಗಾಳ. ಆಮೇಲೂ ಅತಿ ಹೆಚ್ಚು ಸಲ ಗೆದ್ದದ್ದು ಬಂಗಾಳವೇ.

ಇನ್ನು ನಮ್ಮ ಕಪ್‌ಗಳು. 1946-47ರಲ್ಲಿ ಬೆಂಗಳೂರಿನಲ್ಲಿ ಫೈನಲ್, ಎದುರಾಳಿ ಬಂಗಾಳ. ಮೊದಲ ಪಂದ್ಯ 0-0. ಆಗ ಪೆನಾಲ್ಟಿ ಶೂಟೌಟ್ ಇರಲಿಲ್ಲ. ಸಮ ಆದರೆ ಇನ್ನೊಂದು ದಿನ ಮತ್ತೆ ಆಡಬೇಕು. ಹಾಗೆ ಮತ್ತೆ ಆಡಿದಾಗ ಮೈಸೂರು 2-1ರಿಂದ ಗೆದ್ದಿತು. 1952-53ರಲ್ಲಿ ಮತ್ತೆ ಬೆಂಗಳೂರು, ಮತ್ತೆ ಬಂಗಾಳ, 1-0. 1967-68ರಲ್ಲಿ ಒಡಿಶಾದ ಕಟಕ್‌ನಲ್ಲಿ, ಬಂಗಾಳದ ಮೇಲೆ 1-0. ಮರುವರ್ಷ 1968-69ರಲ್ಲಿ ಬೆಂಗಳೂರಿನಲ್ಲಿ ಬಂಗಾಳದ ಜೊತೆ ಮೊದಲು 0-0, ಎರಡನೇ ಸಲ ಆಡಿದಾಗ 1-0.

ನಾಲ್ಕು ಕಪ್, ನಾಲ್ಕೂ ಸಲ ಎದುರು ನಿಂತದ್ದು ಬಂಗಾಳ. ತಾತ ಕೇಳಿದ್ದು ಸರಿಯಾಗಿಯೇ ಇತ್ತು. ನಾಲ್ಕೂ ಸಲ ಗೆಲುವಿನ ಅಂತರ ಒಂದೇ ಗೋಲು. 2023ರದ್ದು 3-2. ಅದೂ ಒಂದೇ ಗೋಲು. ಕೂದಲೆಳೆಯ ಅಂತರ ಅನ್ನುತ್ತೇವಲ್ಲ, ನಮ್ಮ ರಾಜ್ಯದ ಫುಟ್ಬಾಲ್ ಚರಿತ್ರೆ ಪೂರ್ತಿ ಆ ಎಳೆಯ ಮೇಲೇ ನಿಂತಿದೆ. ಆರಾಮಾಗಿ ಗೆದ್ದ ಒಂದು ಕಪ್ಪೂ ನಮ್ಮ ಹತ್ತಿರ ಇಲ್ಲ.

ಸೋತ ಫೈನಲ್‌ಗಳನ್ನೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. 1953-54, 1955-56, 1962-63ರಲ್ಲಿ ಬಂಗಾಳದ ಎದುರು ಸೋತೆವು. 1970-71ರಲ್ಲಿ ಜಲಂಧರ್‌ನಲ್ಲಿ ಪಂಜಾಬ್ ಎದುರು. 1975-76ರಲ್ಲಿ ಮತ್ತೆ ಬಂಗಾಳದ ಎದುರು. ಅಷ್ಟೇ. ಅಲ್ಲಿಂದ 47 ವರ್ಷ ಫೈನಲ್‌ನ ಮುಖವನ್ನೇ ನೋಡಲಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಹಾಗಾಗಿ ಚಾಂಪಿಯನ್ನರ ಪಟ್ಟಿಯಲ್ಲಿ 'ಮೈಸೂರು' ಎಂದು ನಾಲ್ಕು ಕಡೆ ಇತ್ತು, 'ಕರ್ನಾಟಕ' ಎನ್ನುವ ಹೆಸರು 2023ರವರೆಗೆ ಒಂದು ಕಡೆಯೂ ಇರಲಿಲ್ಲ. ಇದನ್ನು ಓದಿದಾಗ ನಮಗೆ ಸ್ವಲ್ಪ ಕಸಿವಿಸಿ ಆಯಿತು. ಅರ್ಧ ಶತಮಾನ ಅಂದರೆ ಸಣ್ಣದಲ್ಲ. 1969ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯೇ ಹುಟ್ಟಿರಲಿಲ್ಲ, ಅದು ಆದದ್ದು 1986ರಲ್ಲಿ.

ಮೈಸೂರು ತಂಡ ಅಂದ ತಕ್ಷಣ ಮೈಸೂರು ಪಟ್ಟಣ, ಅರಮನೆ ಅಂದುಕೊಳ್ಳಬೇಡಿ. ಆಟದ ಬೇರು ಇದ್ದದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ಬ್ರಿಟಿಷ್ ಸೈನಿಕರು ಆಡುತ್ತಿದ್ದರು, ಸುತ್ತಲಿನ ಕೇರಿಗಳ ಹುಡುಗರು ನಿಂತು ನೋಡಿ ಕಲಿತರು. ಆಸ್ಟಿನ್ ಟೌನ್, ಗೌತಮಪುರ ಇವೆಲ್ಲ ಇವತ್ತಿಗೂ ಫುಟ್ಬಾಲ್ ಕೇರಿಗಳು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಹಲಸೂರಿನ ಕಡೆ ಹೋದಾಗ ಒಮ್ಮೆ ನೋಡಿ ಬನ್ನಿ. 1937ರಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ಎಂಬ ನಮ್ಮ ಕ್ಲಬ್ಬು ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಅದುವರೆಗೆ ಬ್ರಿಟಿಷ್ ಪಡೆಗಳ ತಂಡಗಳದ್ದೇ ಕಾರುಬಾರಾಗಿದ್ದ ಕಪ್ ಅದು. ಗೆದ್ದ ಮೊದಲ ಭಾರತೀಯ ಕ್ಲಬ್ ನಮ್ಮದು. ಮರುವರ್ಷ 1938ರಲ್ಲೂ ಅವರೇ ಗೆದ್ದರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 1-2ರಿಂದ ಸೋತಿತು. ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದ್ದರು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಬೆಂಗಳೂರಿನವರು. ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್‌ನ 'ಪಂಚ ಪಾಂಡವ'ರಲ್ಲಿ ಒಬ್ಬರಾದರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂದಿತ್ತಲ್ಲ, ಆ ತಂಡದಲ್ಲಿ ನಮ್ಮ ರಾಜ್ಯದ ಎಂ. ಕೆಂಪಯ್ಯ ಇದ್ದರು. 1960ರ ರೋಮ್‌ಗೂ ಹೋದರು. ನಮ್ಮ ಹೊಸಕೋಟೆ, ನೆಲಮಂಗಲದ ಯಾವ ಹಳ್ಳಿಗೆ ಹೋದರೂ ಒಬ್ಬ ಕೆಂಪಯ್ಯ ಸಿಗುತ್ತಾರೆ. ಆದರೆ ಒಲಿಂಪಿಕ್ಸ್‌ಗೆ ಹೋದ ಕೆಂಪಯ್ಯನವರ ಹೆಸರು ಕೇಳಿದವರು ನಮಗೆ ಇದುವರೆಗೆ ಒಬ್ಬರೂ ಸಿಕ್ಕಿಲ್ಲ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ ಕೂಡ ಬೆಂಗಳೂರಿನವರೇ. ಅಲ್ಲಿಯೂ ಸೆಮಿಫೈನಲ್ 3-2, ಫೈನಲ್ 2-1, ಎರಡೂ ಒಂದೊಂದೇ ಗೋಲಿನಲ್ಲಿ ಗೆದ್ದದ್ದು.

ಈಗ 2023ಕ್ಕೆ ಬರೋಣ. ಅದಕ್ಕೂ ಒಂದು ವರ್ಷ ಹಿಂದಕ್ಕೆ ಹೋಗಿಯೇ ಬರಬೇಕು.

2022ರ ಏಪ್ರಿಲ್ 28, ಕೇರಳದ ಮಂಜೇರಿ. ಸಂತೋಷ್ ಟ್ರೋಫಿ ಸೆಮಿಫೈನಲ್, ಕರ್ನಾಟಕದ ಎದುರು ಆತಿಥೇಯ ಕೇರಳ. ಮಲಪ್ಪುರಂ ಜಿಲ್ಲೆ ಅಂದರೆ ಫುಟ್ಬಾಲ್‌ನ ತವರು, ಮೈದಾನ ಕಿಕ್ಕಿರಿದಿತ್ತು. ಮೊದಲ ಗೋಲು ಹೊಡೆದದ್ದು ನಾವೇ. ಅಷ್ಟರಲ್ಲಿ ಕೇರಳ ಬದಲಿ ಆಟಗಾರನಾಗಿ ಟಿ.ಕೆ. ಜೆಸಿನ್ ಎಂಬ ಹುಡುಗನನ್ನು ಇಳಿಸಿತು. ಆ ಹುಡುಗ ಒಬ್ಬನೇ ಐದು ಗೋಲು ಹೊಡೆದ. ಪಂದ್ಯ ಮುಗಿದಾಗ 7-3. ಫುಟ್ಬಾಲ್‌ನಲ್ಲಿ ಏಳು ಗೋಲು ಬಿಟ್ಟುಕೊಡುವುದು ಅಂದರೆ ಕಬಡ್ಡಿಯಲ್ಲಿ ಮೇಲಿಂದ ಮೇಲೆ ಆಲೌಟ್ ಆದ ಹಾಗೆ. ಕೇರಳ ಫೈನಲ್ ಕೂಡ ಗೆದ್ದು ಚಾಂಪಿಯನ್ ಆಯಿತು. ನಮ್ಮವರು ಸದ್ದಿಲ್ಲದೆ ವಾಪಸ್ ಬಂದರು.

ಮುಂದಿನ ವರ್ಷದ ತಂಡದ ಕೋಚ್ ರವಿಬಾಬು ರಾಜು. 2023ರ ಫೆಬ್ರುವರಿಯಲ್ಲಿ ಭುವನೇಶ್ವರದಲ್ಲಿ ಅಂತಿಮ ಸುತ್ತು. ಗುಂಪಿನಲ್ಲಿ ಆರು ತಂಡ, ಹತ್ತು ದಿನದ ಆಸುಪಾಸಿನಲ್ಲಿ ಐದು ಪಂದ್ಯ. ಒಂದು ದಿನ ಆಟ, ಒಂದು ದಿನ ಬಿಡುವು, ಮತ್ತೆ ಆಟ. ನಮ್ಮ ಗುಂಪಿನಲ್ಲಿ ಪಂಜಾಬ್ ಮೊದಲ ಸ್ಥಾನ, ಕರ್ನಾಟಕ ಎರಡನೇ ಸ್ಥಾನ. ಹಿಂದಿನ ವರ್ಷ ನಮಗೆ ಏಳು ಗೋಲು ಹೊಡೆದಿದ್ದ ಕೇರಳ ಅದೇ ಗುಂಪಿನಲ್ಲಿತ್ತು. ಈ ಸಲ ಅದು ಸೆಮಿಫೈನಲ್ ತಲುಪದೆ ಮನೆಗೆ ಹೋಯಿತು. ಭುವನೇಶ್ವರದ ಪಕ್ಕದ ಊರೇ ಕಟಕ್, 1968ರಲ್ಲಿ ಮೈಸೂರು ಗೆದ್ದ ಜಾಗ.

ಸೆಮಿಫೈನಲ್ ಮತ್ತು ಫೈನಲ್ ಮಾತ್ರ ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಈ ಟೂರ್ನಿ ಶುರುವಾದಾಗಿನಿಂದ ದೇಶದ ಹೊರಗೆ ಪಂದ್ಯ ನಡೆದದ್ದು ಅದೇ ಮೊದಲು. ಕಿಂಗ್ ಫಹದ್ ಅಂತರರಾಷ್ಟ್ರೀಯ ಕ್ರೀಡಾಂಗಣ, 60 ಸಾವಿರಕ್ಕೂ ಹೆಚ್ಚು ಜನ ಕೂರುವ ಜಾಗ. ವಿಡಿಯೊ ನೋಡಿ ತೀರ್ಪು ಕೊಡುವ ವಿಎಆರ್ ವ್ಯವಸ್ಥೆ ಕೂಡ ಭಾರತದ ಟೂರ್ನಿಯೊಂದಕ್ಕೆ ಬಂದದ್ದು ಅಲ್ಲೇ ಮೊದಲು. ನಮ್ಮ ಹುಡುಗರು ಜಿಲ್ಲಾ ಲೀಗ್‌ಗಳಲ್ಲಿ ಆಡಿ ಬೆಳೆದವರು. ಹೆಚ್ಚಿನವರ ಹೆಸರು ಟಿವಿಯಲ್ಲಿ ಬಂದಿರಲಿಲ್ಲ.

ಮಾರ್ಚ್ 1, ಬುಧವಾರ, ಸೆಮಿಫೈನಲ್. ಎದುರು ಸರ್ವಿಸಸ್, ಅಂದರೆ ಸೇನಾಪಡೆಗಳ ತಂಡ. ಇವರ ಜೊತೆ ಆಡುವುದು ಯಾವ ಆಟದಲ್ಲೂ ಸುಲಭವಲ್ಲ. ದಿನಾ ಬೆಳಗ್ಗೆ ಎದ್ದು ಓಡುವವರು. ದಮ್ಮಿನಲ್ಲಿ ಅವರನ್ನು ಮೀರಿಸುವುದು ಕಷ್ಟ. 40ನೇ ನಿಮಿಷದ ಹೊತ್ತಿಗೆ ಬಿಕಾಶ್ ಥಾಪಾ ಗೋಲು ಹೊಡೆದರು, ಸರ್ವಿಸಸ್ ಮುಂದೆ ಹೋಯಿತು. ಇಲ್ಲಿ ತಲೆ ತಗ್ಗಿಸಿದ್ದರೆ ಮಂಜೇರಿಯ ಕಥೆಯೇ ಮತ್ತೆ. ಆದರೆ ಎರಡೇ ನಿಮಿಷದಲ್ಲಿ ರಾಬಿನ್ ಯಾದವ್ ಸಮ ಮಾಡಿದರು. ಮಧ್ಯಂತರದ ಸೀಟಿ ಊದುವ ಮೊದಲೇ ಪಿ. ಅಂಕಿತ್ ಇನ್ನೊಂದು ಹೊಡೆದರು. ಹತ್ತು ನಿಮಿಷದೊಳಗೆ 0-1 ಇದ್ದದ್ದು 2-1 ಆಯಿತು. ದ್ವಿತೀಯಾರ್ಧದಲ್ಲಿ ಸೇನೆಯವರು ಸಮ ಮಾಡಲು ಬೆನ್ನು ಹತ್ತಿದರು. 77ನೇ ನಿಮಿಷದ ಹೊತ್ತಿಗೆ ಎಂ. ಸುನಿಲ್ ಕುಮಾರ್ ಮೂರನೆಯದನ್ನು ಹೊಡೆದ ಮೇಲೆಯೇ ಉಸಿರು ಬಿಡಲು ಆದದ್ದು. 3-1.

ಅದೇ ದಿನ ಇನ್ನೊಂದು ಸೆಮಿಫೈನಲ್‌ನಲ್ಲಿ ಮೇಘಾಲಯ ಪಂಜಾಬನ್ನು 2-1ರಿಂದ ಸೋಲಿಸಿತು, ಗೆಲುವಿನ ಗೋಲು ಬಂದದ್ದು ಕೊನೇ ಗಳಿಗೆಯಲ್ಲಿ. ಮೇಘಾಲಯಕ್ಕೆ ಅದು ಮೊಟ್ಟಮೊದಲ ಫೈನಲ್. ಅಂದರೆ ಎರಡೂ ತಂಡಗಳಿಗೆ ಸಿಕ್ಕಿದ್ದು ಒಂದೇ ಸಮನಾದ ಬಿಡುವು. ಗುರುವಾರ, ಶುಕ್ರವಾರ, ಅಷ್ಟೇ. ಶನಿವಾರ ಫೈನಲ್.

ಎರಡು ದಿನದ ಬಿಡುವು ಸಾಲದೇ ಎಂದು ಕೇಳುವವರಿಗೆ ಒಂದು ಮಾತು. ರಾಗಿ ಕೊಯ್ಲಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಮೊದಲ ದಿನ ಸಂಜೆ ಸೊಂಟ ಅಷ್ಟು ನೋಯುವುದಿಲ್ಲ. ಮಾರನೇ ದಿನ ಏಳುವಾಗ ನೋವು ಗೊತ್ತಾಗುತ್ತದೆ, ಮೂರನೇ ದಿನ ಇನ್ನೂ ಜಾಸ್ತಿ. ಆಟಗಾರರ ಕಾಲಿಗೂ ಅದೇ ಲೆಕ್ಕ. ಒಂದು ಪಂದ್ಯದಲ್ಲಿ ಒಬ್ಬ ಆಟಗಾರ ಸುಮಾರು 10 ಕಿಲೋಮೀಟರ್ ಓಡುತ್ತಾನೆ. ನಮ್ಮ ಕಡೆ ನಡೆದ ಹಾಗೆ ನೇರ ದಾರಿಯ ನಡಿಗೆಯಲ್ಲ, ನಿಂತು, ತಿರುಗಿ, ಜಿಗಿದು, ಡಿಕ್ಕಿ ಹೊಡೆದು ಓಡುವುದು. ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿ ಖಾಲಿಯಾಗುತ್ತದೆ, ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಹಾಗಾಗಿ ವಾರದ ನಡುವೆ ಒಂದು ಬಿರುಸಿನ ಪಂದ್ಯ ಆಡಿ ವಾರಾಂತ್ಯಕ್ಕೆ ಮತ್ತೆ ಇಳಿಯುವ ತಂಡ ಮೊದಲ ಅರ್ಧದಲ್ಲೇ ಲೆಕ್ಕ ಮುಗಿಸಲು ನೋಡುತ್ತದೆ. ದ್ವಿತೀಯಾರ್ಧದಲ್ಲಿ ಕಾಲು ಮಾತು ಕೇಳುತ್ತದೆ ಎನ್ನುವ ಖಾತ್ರಿ ಇರುವುದಿಲ್ಲ. ಈಗಿನ ನಿಯಮದಲ್ಲಿ ಐದು ಮಂದಿಯವರೆಗೆ ಬದಲಿಸಬಹುದು. 1946ರಲ್ಲಿ ಬದಲಿ ಎಂಬ ಮಾತೇ ಇರಲಿಲ್ಲ. ಇಳಿದ ಹನ್ನೊಂದು ಮಂದಿಯೇ ಕೊನೆವರೆಗೆ, ಕುಂಟಿದರೂ ಅವರೇ. ಸಮ ಆದರೆ ಮತ್ತೆ ಇನ್ನೊಂದು ದಿನ. ಆ ಕಾಲದವರು ಹೇಗೆ ಆಡಿದರೋ ಎಂದು ಯೋಚಿಸಿದರೆ ನಮಗೆ ನಿಜಕ್ಕೂ ಆಶ್ಚರ್ಯ.

ಮಾರ್ಚ್ 4, ಶನಿವಾರ. ಸುನಿಲ್ ಕುಮಾರ್ ಮೂರು ನಿಮಿಷದೊಳಗೆ ಗೋಲು ಹೊಡೆದರು. ನಾವು ಫೋನ್‌ನಲ್ಲಿ ಸ್ಕೋರ್ ನೋಡುತ್ತಿದ್ದೆವು, ನೆಟ್‌ವರ್ಕ್ ಒಮ್ಮೆ ಬಂದು ಒಮ್ಮೆ ಹೋಗುತ್ತಿತ್ತು. 1-0 ಎಂದು ಕಂಡಿತು. ಮತ್ತೆ ನೆಟ್‌ವರ್ಕ್ ಬರುವಷ್ಟರಲ್ಲಿ 1-1. ಹತ್ತು ನಿಮಿಷ ತುಂಬುವ ಮೊದಲೇ ಮೇಘಾಲಯಕ್ಕೆ ಪೆನಾಲ್ಟಿ ಸಿಕ್ಕಿ, ಬ್ರೊಲಿಂಗ್ಟನ್ ವಾರ್ಲರ್ಪಿ ಅದನ್ನು ಗೋಲು ಮಾಡಿದ್ದರು. 20ನೇ ನಿಮಿಷದ ಆಸುಪಾಸಿನಲ್ಲಿ ಬೆಕೆ ಓರಂ ಗೋಲು, 2-1. ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಫ್ರೀ ಕಿಕ್. ರಾಬಿನ್ ಯಾದವ್ ದೂರದಿಂದ ನೇರ ಬಲೆಗೆ ಹೊಡೆದರು, 3-1. ಆ ಗೋಲಿನ ವಿಡಿಯೊ ಈಗಲೂ ಸಿಗುತ್ತದೆ, ಡೇಟಾ ಇದ್ದರೆ ನೋಡಿ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. 60ನೇ ನಿಮಿಷದ ಹೊತ್ತಿಗೆ ಶೀನ್ ಸ್ಟೀವನ್‌ಸನ್ ಹೊಡೆದ ಗೋಲಿನಿಂದ 3-2 ಆಯಿತು. ಬುಧವಾರ ಪಂಜಾಬ್ ಮೇಲೆ ಕೊನೇ ಗಳಿಗೆಯ ಗೋಲು ಹೊಡೆದಿದ್ದವರೂ ಇವರೇ. ಇನ್ನು ಅರ್ಧ ಗಂಟೆ ಆಟ ಬಾಕಿ. ಮೇಘಾಲಯದವರು ಬೆಟ್ಟದ ನಾಡಿನವರು, ಓಟಕ್ಕೆ ಹೆಸರಾದವರು. ಕೊನೆಯವರೆಗೆ ಬಿಡುವವರಲ್ಲ ಎಂದು ಬುಧವಾರವೇ ತೋರಿಸಿದ್ದರು.

ಆ ಅರ್ಧ ಗಂಟೆಯಲ್ಲಿ ಗೋಲಿಲ್ಲ. ಹಾಗಾಗಿ ಸ್ಕೋರ್ ಪಟ್ಟಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ಚರಿತ್ರೆ ಬರೆಯುವವರು ಗೋಲು ಬಿದ್ದ ನಿಮಿಷ ಬರೆದಿಡುತ್ತಾರೆ, ಬೀಳದಂತೆ ತಡೆದ ನಿಮಿಷಗಳನ್ನು ಯಾರೂ ಬರೆಯುವುದಿಲ್ಲ. ನಮ್ಮ ಮಟ್ಟಿಗೆ ಆ ಕಪ್ಪು ಗೆದ್ದದ್ದು ಆ ಮೂವತ್ತು ನಿಮಿಷದಲ್ಲೇ. ಮೊದಲ ಅರ್ಧದ ಮೂರು ಗೋಲು ಚೆಂದದ್ದು, ಒಪ್ಪುತ್ತೇವೆ. ಆದರೆ ಮಂಜೇರಿಯಲ್ಲೂ ಈ ತಂಡಕ್ಕೆ ಗೋಲು ಹೊಡೆಯಲು ಬಂದಿತ್ತು, ಮೂರು ಹೊಡೆದಿತ್ತು. ಅಲ್ಲಿ ಬಾರದಿದ್ದದ್ದು ಹಿಡಿದು ನಿಲ್ಲುವುದು. ರಿಯಾದ್‌ನಲ್ಲಿ, ಬುಧವಾರದ ದಣಿವು ಇನ್ನೂ ಇಳಿಯದ ಕಾಲಿನಲ್ಲಿ, ಅದು ಬಂತು. ಕೊನೆಯ ಸೀಟಿ ಊದಿದಾಗಲೂ 3-2ರಲ್ಲೇ ನಿಂತಿತ್ತು.

ಫೋನ್ ಹಿಡಿದಿದ್ದ ನಾವು ಕೂಗಿದ ಕೂಗಿಗೆ ಪಕ್ಕದ ಮನೆಯ ಅಮ್ಮ ಹೊರಗೆ ಬಂದು, "ಏನಾಯ್ತು, ಆರ್‌ಸಿಬಿ ಗೆದ್ದಿತಾ?" ಎಂದು ಕೇಳಿದರು. ಐಪಿಎಲ್ ಇನ್ನೂ ಶುರುವೇ ಆಗಿರಲಿಲ್ಲ.

ತಾಲ್ಲೂಕಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದವರಿಗೆ ಉತ್ತರ ಆಗ ಹೊಳೆದಿರಲಿಲ್ಲ. ನಮ್ಮ ಊರುಗಳಿಂದ ನೂರಾರು ವರ್ಷ ಬೆಂಗಳೂರಿಗೆ ಹಾಲು, ತರಕಾರಿ, ರೇಷ್ಮೆ, ಸೀರೆ ಹೋಗಿದೆ. ದಂಡಿನ ಮೈದಾನ ಇರುವುದು ಇಲ್ಲಿಂದ 40 ಕಿಲೋಮೀಟರ್ ದೂರದಲ್ಲಿ. ಆದರೆ ಅಲ್ಲಿನ ಚೆಂಡು ಈ ಕಡೆ ಬರಲಿಲ್ಲ. ನಮ್ಮ ಶಾಲೆಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಇದೆ, ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಇದೆ. ಗೋಲು ಕಂಬ ಇರುವ ಸರ್ಕಾರಿ ಶಾಲೆ ಹುಡುಕಿಕೊಂಡು ಹೋಗಬೇಕು. ದೇವನಹಳ್ಳಿ ಕಡೆ ನಿವೇಶನ ಆಗದೆ ಉಳಿದ ಬಯಲೇ ಕಡಿಮೆ. ರಾಜ್ಯದ ತಂಡ ಅಂದಾಗ ಅದರಲ್ಲಿ ನಮ್ಮ ಜಿಲ್ಲೆಯ ಪಾಲು ಎಷ್ಟು ಎಂದು ಕೇಳುವುದು ತಾಲ್ಲೂಕಿನ ಸುದ್ದಿಯೇ ಅಲ್ಲವೇ?

ಮುಂದಿನ ವಾರ ಅದೇ ಟೀ ಅಂಗಡಿಯಲ್ಲಿ ತಾತ ಸಿಕ್ಕರು. ನಾವು ಪಟ್ಟಿ ಬರೆದುಕೊಂಡು ಹೋಗಿದ್ದೆವು. 46-47, 52-53, 67-68, 68-69. ನಾಲ್ಕೂ ಸಲ ಬಂಗಾಳ ಎಂದು ಓದಿ ಹೇಳಿದೆವು. ತಲೆ ಆಡಿಸುತ್ತಾ ಕೇಳಿದರು. ಕೊನೆಗೆ ರಿಯಾದ್‌ನ ಲೆಕ್ಕ ಹೇಳಿದೆವು, ಮೂರು ಎರಡು.

"ಇದೂ ಒಂದೇ ಗೋಲಾ?" ಅಂದರು. ಚೀಟಿಯನ್ನು ಕೈಯಲ್ಲಿ ಇಸಿದುಕೊಂಡು, ಕನ್ನಡಕ ಹಾಕಿ, ಇನ್ನೊಂದು ಸಲ ಮೇಲಿಂದ ಓದಿದರು. ಆಮೇಲೆ ಮಡಚಿ ಜೇಬಿಗೆ ಹಾಕಿಕೊಂಡು, ಟೀ ದುಡ್ಡು ತಾವೇ ಕೊಟ್ಟರು.